ಸಂಜೆ ನಾಲ್ಕರ ಅನಂತರದ ಸಂಪಾದಕ ಮಂಡಳಿ

ಕಾಸರಗೋಡಿನ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ನಾನು ಪಾಠ ಮಾಡುತ್ತೇನೆ. ಒಂಬತ್ತನೆಯ ತರಗತಿಯವರಿಗೆ ಮುಂದೆ ಏನಾಗಬೇಕೆಂದು ಬರೆಯಲು ಹೇಳಿದಾಗ 18 ಮಂದಿಯಲ್ಲಿ 11 ಮಂದಿ ಡಾಕ್ಟರ್ ಅಥವಾ ಇಂಜಿನಿಯರ್ ಎಂದೂ, ಉಳಿದವರಲ್ಲಿ ಹೆಚ್ಚಿನವರು ಟೀಚರ್ ಎಂದೂ ಬರೆದುಕೊಟ್ಟರು. ತಪ್ಪು ಅವರದಲ್ಲ, ಅವರು ದಿನವೂ ಹತ್ತಿರದಿಂದ ಕಾಣುವ ಸಂಬಳದ ಕೆಲಸ ನಮ್ಮದೊಂದೇ. ವೃತ್ತಿ ಮಾರ್ಗದರ್ಶನದ ಭಾಷಣಗಳನ್ನು ಏರ್ಪಡಿಸಿಯೂ ನೋಡಿದ್ದೆ. ಅವುಗಳಿಂದ ಕೋರ್ಸುಗಳ ಹೆಸರು ಸಿಗುತ್ತಿತ್ತೇ ಹೊರತು ಕೆಲಸ ಹೇಗಿರುತ್ತದೆಂಬುದು ತಿಳಿಯುತ್ತಿರಲಿಲ್ಲ. ಆದ್ದರಿಂದ ವಾರಕ್ಕೆ ಎರಡು ದಿನ, ಶಾಲೆ ಬಿಟ್ಟ ಮೇಲೆ ಐದೂಕಾಲರ ಬಸ್ಸು ಬರುವವರೆಗೆ ಕುಳಿತು ಒಂದು ಪತ್ರಿಕೆ ಹೊರಡಿಸಲು ತೊಡಗಿದೆವು.

ಕೈಬರಹದ ಮೊದಲ ಸಂಚಿಕೆ ಕವನಗಳಿಂದಲೇ ತುಂಬಿಹೋಯಿತು. ಎರಡನೆಯದಕ್ಕೆ, ಪ್ರತಿಯೊಬ್ಬರೂ ಊರಿನ ಯಾರಾದರೊಬ್ಬ ದುಡಿಯುವವರ ಬಳಿ ಒಂದು ಗಂಟೆ ಕುಳಿತು ಬರಬೇಕು, ಆದರೆ ‘ವಿದ್ಯಾರ್ಥಿಗಳಿಗೆ ನಿಮ್ಮ ಸಂದೇಶವೇನು’ ಎಂದು ಮಾತ್ರ ಕೇಳಕೂಡದು ಎಂಬ ನಿಯಮ ಮಾಡಿದೆ. ಬೆಳಗ್ಗೆ ಮೊದಲು ಕೈಗೆತ್ತಿಕೊಳ್ಳುವುದು ಏನನ್ನು, ಎಲ್ಲಿ ತಪ್ಪಿದರೆ ನಷ್ಟ, ಕೈ ಕುದುರಲು ಎಷ್ಟು ವರ್ಷ ಹಿಡಿಯಿತು, ಇಂಥವನ್ನು ಕೇಳಿ ಬರಬೇಕಿತ್ತು.

ಪ್ರಬಂಧದಲ್ಲಿ ಎಂದೂ ಮುಂದಿಲ್ಲದ ಹುಡುಗಿಯೊಬ್ಬಳು ಆಧಾರ, ಅಂದರೆ ಜಮೀನಿನ ನೋಂದಣಿ ಪತ್ರ, ಬರೆಯುವ ಹಿರಿಯರೊಬ್ಬರ ಬಳಿಗೆ ಹೋದಳು. 1956ರಲ್ಲಿ ಕೇರಳಕ್ಕೆ ಸೇರುವ ತನಕ ಕಾಸರಗೋಡು ದಕ್ಷಿಣ ಕನ್ನಡದ ಭಾಗವಾಗಿದ್ದುದರಿಂದ ಇಲ್ಲಿನ ಎಷ್ಟೋ ಹಳೆಯ ಆಧಾರಗಳು ಕನ್ನಡದಲ್ಲಿವೆ. ಆ ಕೂಡುಬರಹವನ್ನು ಓದಿ, ಮೂಲಗೇಣಿ (ಶಾಶ್ವತ ಗೇಣಿ) ಯಾವುದು ಚಾಲಗೇಣಿ (ಒಡೆಯ ಬಿಡಿಸಬಹುದಾದ ಗೇಣಿ) ಯಾವುದು ಎಂದು ಬಿಡಿಸಿ ಮಲಯಾಳದಲ್ಲಿ ಹೇಳಬಲ್ಲವರನ್ನು ಜನ ಇಂದಿಗೂ ಹುಡುಕಿಕೊಂಡು ಬರುತ್ತಾರೆ. “ಟೀಚರೇ, ಒಂದು ಗೆರೆ ಓದಲು ಅಜ್ಜನಿಗೆ ಹತ್ತು ನಿಮಿಷ ಬೇಕಾಯಿತು, ತೋಟದ ಗಡಿ ಇದ್ದದ್ದು ಅದೇ ಗೆರೆಯಲ್ಲಿ” ಎಂದು ಅವಳು ಬಂದು ಹೇಳಿದಳು. ಕನ್ನಡದಲ್ಲಿ ಓದಿ ಏನು ಪ್ರಯೋಜನ ಎಂದು ಮನೆಯಲ್ಲಿ ಕೇಳಿ ಕೇಳಿ ಬೆಳೆದವಳು ಅವಳು. ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರಿಗೆಂದೇ ಕೇರಳ ಪಿಎಸ್‌ಸಿ ಈ ಜಿಲ್ಲೆಯಲ್ಲಿ ಕ್ಲಾರ್ಕ್ ಹುದ್ದೆಗಳಿಗೆ ಪ್ರತ್ಯೇಕವಾಗಿ ಅರ್ಜಿ ಕರೆಯುವ ವಿಚಾರವನ್ನು ಅವಳ ಲೇಖನದ ಪಕ್ಕದಲ್ಲೇ ಚೌಕಟ್ಟು ಹಾಕಿ ಕೊಟ್ಟೆವು. ಇನ್ನೊಬ್ಬ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ, ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯಲ್ಲಿ ದುಡಿಯುವ ನೆರೆಮನೆಯವರನ್ನು ಮಾತನಾಡಿಸಿದ. ಸಂಕರ ತಳಿಗಾಗಿ ಮರ ಹತ್ತಿ, ಹೊಂಬಾಳೆಯ ಗಂಡು ಹೂಗಳನ್ನೆಲ್ಲ ತೆಗೆದು ಚೀಲ ಕಟ್ಟುವ ಕೆಲಸದ ಬಗ್ಗೆ ಕೇಳಿದವನು ‘ವಿಜ್ಞಾನಿಗಿಂತ ಮೊದಲು ಮರ ಹತ್ತುವವರು’ ಎಂದು ತಲೆಬರಹ ಕೊಟ್ಟ. ನನಗೆ ಅಂಥದ್ದು ಹೊಳೆಯುತ್ತಿರಲಿಲ್ಲ.

ಎಡವಟ್ಟಾದದ್ದು ಮುದ್ರಣದಲ್ಲಿ. ಶಾಲೆಯ ಲಿನಕ್ಸ್ ಕಂಪ್ಯೂಟರುಗಳಲ್ಲಿ ಮಕ್ಕಳು ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರು. ಪ್ರೆಸ್ಸಿನವರ ಹಳೆಯ ತಂತ್ರಾಂಶಕ್ಕೆ ಬೇಕಾಗಿದ್ದುದು ‘ನುಡಿ’ ಎಂಬ ಕನ್ನಡ ತಂತ್ರಾಂಶದ, ಯೂನಿಕೋಡ್ ಅಲ್ಲದ ಅಕ್ಷರ. ಪರಿವರ್ತಿಸಿದ ಪುಟಗಳ ಕರಡನ್ನು ನೋಡದೆ, ಗಡಿಬಿಡಿಯಲ್ಲಿ ನಾನೇ ಒಪ್ಪಿಗೆ ಕೊಟ್ಟೆ. 100 ಪ್ರತಿಗಳ ಮುಖಪುಟದಲ್ಲೂ ‘ಮಾರ್ಗದರ್ಶನ’ ಎಂಬುದು ‘ಮಾಗರ್ದಶರ್ನ’ ಆಗಿ ಬಂದಿತ್ತು. ಅರ್ಕಾವತ್ತು ಇದ್ದಲ್ಲೆಲ್ಲ ಹೀಗಾಗಿದೆ ಎಂದು ಪತ್ತೆಹಚ್ಚಿದವನು, ಅದುವರೆಗೆ ಒಂದು ಸಾಲನ್ನೂ ಬರೆಯದೆ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗ. ಅಂಥ ಪದಗಳನ್ನೆಲ್ಲ ಪಟ್ಟಿ ಮಾಡಿ, ಗೆಳೆಯನೊಬ್ಬನನ್ನು ಕೂರಿಸಿಕೊಂಡು ಎಲ್ಲ ಪ್ರತಿಗಳನ್ನೂ ಪೆನ್ನಿನಿಂದ ತಿದ್ದಿದ. ಆಮೇಲೆ ಎರಡು ಶನಿವಾರ ಪ್ರೆಸ್ಸಿಗೆ ಹೋಗಿ ಪುಟ ಕಟ್ಟುವುದನ್ನು ನೋಡಿಕೊಂಡು ಬಂದ.

ಈ ವರ್ಷ ಅವರು ಹತ್ತನೆಯ ತರಗತಿಯಲ್ಲಿದ್ದಾರೆ. ಅದೇ ಪ್ರಶ್ನೆಯನ್ನು ಮತ್ತೆ ಕೊಟ್ಟಾಗ ಡಾಕ್ಟರ್, ಇಂಜಿನಿಯರ್ ಎಂದವರು 6 ಮಂದಿ. ಆಧಾರದ ಹುಡುಗಿ ಮೂರು ಕೆಲಸಗಳನ್ನು ಬರೆದು, ಎರಡರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ. ಹಿಂದಿನ ಬೆಂಚಿನವನು ಕಾಗದವನ್ನು ಖಾಲಿಯಾಗಿಯೇ ಹಿಂದಿರುಗಿಸಿದ. ಮೂರನೆಯ ಸಂಚಿಕೆಯ ಕರಡು ಮಾತ್ರ ಅವನ ಚೀಲದಲ್ಲಿದೆ.