ಮೂರು ದಿನ ರಜೆಯಲ್ಲಿ ಚೆನ್ನೈ ಸೀಜನ್: ಎಲ್ಲಿ ಕೂರಬೇಕು, ಯಾವಾಗ ಏಳಬೇಕು

ಡಿಸೆಂಬರಿನ ಕರ್ನಾಟಕ ಸಂಗೀತ ಹಬ್ಬದಲ್ಲಿ, ಅಂದರೆ ಸೀಜನ್ನಿನಲ್ಲಿ, ಸಂಗೀತ ಕಚೇರಿ ಕೇಳಲೆಂದು ಚೆನ್ನೈಗೆ ಹೊರಟವರು ಮೊದಲು ಎಡವುವುದು ಕಲಾವಿದರ ಹೆಸರುಗಳ ಪಟ್ಟಿ ಮಾಡಿಕೊಳ್ಳುವಲ್ಲಿ. ನಾಲ್ಕು ಗಂಟೆಗೆ ಆಳ್ವಾರ್‌ಪೇಟೆಯ ನಾರದ ಗಾನ ಸಭಾದಲ್ಲಿ (ಸಭಾ ಎಂದರೆ ಕಚೇರಿ ಏರ್ಪಡಿಸುವ ಸಂಸ್ಥೆ) ಒಬ್ಬರು, ಆರೂಮುಕ್ಕಾಲಿಗೆ ಟಿ. ನಗರದ ಕೃಷ್ಣ ಗಾನ ಸಭಾದಲ್ಲಿ ಇನ್ನೊಬ್ಬರು. ನಕ್ಷೆಯಲ್ಲಿ ನೋಡಿದರೆ ಮೂರ್ನಾಲ್ಕು ಕಿಲೋಮೀಟರ್ ಅಷ್ಟೆ. ಸಂಜೆಯ ಟ್ರಾಫಿಕ್ಕಿನಲ್ಲಿ, ಅದರಲ್ಲೂ ಮೆಟ್ರೋ ಕಾಮಗಾರಿಗೆ ಅಗೆದ ರಸ್ತೆಗಳಲ್ಲಿ, ಅದಕ್ಕೇ ಮುಕ್ಕಾಲು ಗಂಟೆ ಹೋಗುತ್ತದೆ. ಮೊದಲನೆಯವರ ಕೊನೆಯ ಪುಟ್ಟ ರಚನೆಗಳಾದ ತುಕ್ಕಡ ತಪ್ಪಿತು, ಎರಡನೆಯವರು ಶುರುವಿಗೆ ಹಾಡುವ ವರ್ಣವೂ ತಪ್ಪಿತು, ಆಟೋದವರ ಜೊತೆ ಚೌಕಾಸಿ ಮಾತ್ರ ಪೂರ್ತಿ ಸಿಕ್ಕಿತು. ಇದರ ಬದಲು ದಿನಕ್ಕೊಂದು ಬಡಾವಣೆ ಅಂತ ಇಟ್ಟುಕೊಳ್ಳಿ. ಕಲಾವಿದರನ್ನು ಆಮೇಲೆ ಆರಿಸಿ.

ಹೋಗುವುದು, ಉಳಿಯುವುದು

ಸೀಜನ್ ಕಾವೇರುವುದು ಡಿಸೆಂಬರ್ 15ರ ಆಸುಪಾಸಿನಲ್ಲಿ. ಮ್ಯೂಸಿಕ್ ಅಕಾಡೆಮಿಯ ಸಂಗೀತೋತ್ಸವ ಜನವರಿ 1ರ ಹೊತ್ತಿಗೆ ಮುಗಿಯುತ್ತದೆ, ಅದರ ಬೆನ್ನಿಗೇ ನೃತ್ಯೋತ್ಸವ. ಸಂಗೀತಕ್ಕೇ ಹೋಗುವವರಿಗೆ 18ರಿಂದ 24ರ ನಡುವಿನ ಮೂರು ದಿನ ಚೆನ್ನ. ಕ್ರಿಸ್‌ಮಸ್ ದಾಟಿದ ಮೇಲೆ ರೂಮಿನ ಬಾಡಿಗೆ ಏರುತ್ತದೆ.

ರೈಲಿನ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು, ಅಂದರೆ ಅಕ್ಟೋಬರ್ 20ರ ಆಸುಪಾಸಿನಲ್ಲಿ. ದೊಡ್ಡ ಸಭಾಗಳ ಪಟ್ಟಿ ಬರುವುದು ಅದಕ್ಕಿಂತ ತಡ. ಪಟ್ಟಿ ನೋಡಿಯೇ ಟಿಕೆಟ್ ಮಾಡೋಣ ಎಂದು ಕೂತರೆ ವೆಯ್ಟಿಂಗ್ ಲಿಸ್ಟೇ ಗತಿ. ರೈಲು ಮೊದಲು, ರೂಮು ಅದರ ಜೊತೆಗೇ, ಕಚೇರಿ ಕೊನೆಗೆ. ಬೆಂಗಳೂರಿನಿಂದ ಬೆಳಗ್ಗೆ ಆರು ದಾಟಿ ಹೊರಡುವ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಮಧ್ಯಾಹ್ನ ಚೆನ್ನೈ ಸೆಂಟ್ರಲ್ ಮುಟ್ಟಿಸುತ್ತದೆ, ಅವತ್ತಿನ ಸಂಜೆಯೇ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಬೃಂದಾವನ ಎಕ್ಸ್‌ಪ್ರೆಸ್‌ನಲ್ಲಿ ಹೋದರೆ ತಲುಪುವುದೇ ರಾತ್ರಿ, ಒಂದು ದಿನ ದಂಡ.

ಸೆಂಟ್ರಲ್‌ನಲ್ಲಿ ಇಳಿದ ಕೂಡಲೇ ಟ್ಯಾಕ್ಸಿ ಹುಡುಕಬೇಡಿ. ರಸ್ತೆ ದಾಟಿದರೆ ಪಾರ್ಕ್ ಟೌನ್ ನಿಲ್ದಾಣ. ಅಲ್ಲಿ ವೇಳಚೇರಿ ಕಡೆಯ ಎಂಆರ್‌ಟಿಎಸ್ ಲೋಕಲ್ ರೈಲು ಹತ್ತಿ ತಿರುಮಯಿಲೈಯಲ್ಲಿ ಇಳಿದರೆ ಮೈಲಾಪುರದ ಲಸ್ ಕಾರ್ನರ್ ಪಕ್ಕದಲ್ಲೇ ಇರುತ್ತೀರಿ. ರೂಮು ಮೈಲಾಪುರದಲ್ಲಿ ಹಿಡಿಯಿರಿ, ಇಲ್ಲದಿದ್ದರೆ ರಾಯಪೇಟೆ ಅಥವಾ ಆಳ್ವಾರ್‌ಪೇಟೆಯಲ್ಲಿ. ಎಗ್ಮೋರಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ಉಳಿಸಿದ ದುಡ್ಡು ಆಟೋಗೆ ಹೋಗುತ್ತದೆ.

ಒಂದು ದಿನ ಹೀಗೆ

ಅಲ್ಲಿಯ ಮಾರ್ಗಳಿಯೇ ನಮ್ಮ ಧನುರ್ಮಾಸ. ಬೆಳಗಿನ ಜಾವ ಐದೂವರೆಗೆ ಎದ್ದು ಕಪಾಲೀಶ್ವರ ದೇವಸ್ಥಾನದ ಸುತ್ತಲ ಮಾಡ ಬೀದಿಗಳಿಗೆ ಹೋದರೆ ಭಜನೆ ಗೋಷ್ಠಿಗಳು ಹಾಡುತ್ತಾ ಸುತ್ತು ಬರುವುದನ್ನು ನೋಡಬಹುದು. ಈ ಬೀದಿಗಳಲ್ಲಿ ಮಾರ್ಗಳಿ ಭಜನೆಯನ್ನು ಬಹುಕಾಲ ನಡೆಸಿದವರು ಪದ, ರಾಗ ಎರಡನ್ನೂ ಕಟ್ಟಿದ ವಾಗ್ಗೇಯಕಾರ ಪಾಪನಾಶಂ ಶಿವನ್. ಟಿಕೆಟ್ಟೂ ಇಲ್ಲ, ಮೈಕೂ ಇಲ್ಲ.

ಕಾಫಿ ಕುಡಿದು ಎಂಟರ ಹೊತ್ತಿಗೆ ಟಿಟಿಕೆ ರಸ್ತೆಯ ಮ್ಯೂಸಿಕ್ ಅಕಾಡೆಮಿಗೆ ಬನ್ನಿ. 1928ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಬೆಳಗಿನ ಹೊತ್ತು ಸೋದಾಹರಣ ಉಪನ್ಯಾಸ ನಡೆಯುತ್ತದೆ. ಅಲ್ಲಿ ಎಲ್ಲರೂ ಕರೆಯುವುದು ಲೆಕ್‌ಡೆಮ್ ಎಂದೇ. ಪ್ರವೇಶ ಉಚಿತ, ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ತಮಿಳು ಬಾರದವರಿಗೂ ತೊಂದರೆಯಿಲ್ಲ. ಒಂದು ರಾಗದ ಹಳೆಯ ರೂಪ, ಒಂದು ತಾಳದ ಲೆಕ್ಕ, ಒಬ್ಬ ವಾಗ್ಗೇಯಕಾರರ ಪಾಠಾಂತರಗಳು: ಇಂಥ ಒಂದೇ ವಿಷಯವನ್ನು ಹಾಡಿ ತೋರಿಸುತ್ತಾ ಬಿಡಿಸುತ್ತಾರೆ. ಮುಗಿದ ಮೇಲೆ ಹಿರಿಯ ವಿದ್ವಾಂಸರು ಎದ್ದು ಕೇಳುವ ಪ್ರಶ್ನೆಗಳಿಗಾಗಿ ಕೂತಿರಿ, ಭಾಷಣಕ್ಕಿಂತ ಅದೇ ಸ್ವಾರಸ್ಯ. ಇದೇ ಅಕಾಡೆಮಿ ಕೊಡುವ ಸಂಗೀತ ಕಲಾನಿಧಿ ಪ್ರಶಸ್ತಿಯ ಪಟ್ಟಿಯಲ್ಲಿ ನಮ್ಮವರೂ ಇದ್ದಾರೆ: 1935ರಲ್ಲಿ ಮೈಸೂರು ವಾಸುದೇವಾಚಾರ್ಯರು, 1957ರಲ್ಲಿ ಟಿ. ಚೌಡಯ್ಯ, 1984ರಲ್ಲಿ ದೊರೆಸ್ವಾಮಿ ಅಯ್ಯಂಗಾರ್, 1995ರಲ್ಲಿ ಆರ್.ಕೆ. ಶ್ರೀಕಂಠನ್.

ಹನ್ನೆರಡರಿಂದ ನಾಲ್ಕರವರೆಗಿನ ಹೊತ್ತನ್ನು ಹೊರಗಿನಿಂದ ಬಂದವರು ಊಟ, ನಿದ್ದೆ, ಸೀರೆ ಅಂಗಡಿಯಲ್ಲಿ ಕಳೆಯುತ್ತಾರೆ. ಇಡೀ ಸೀಜನ್ನಿನಲ್ಲಿ ಅತ್ಯಂತ ಅಗ್ಗದ, ಕೆಲವೊಮ್ಮೆ ಅತ್ಯಂತ ತಾಜಾ ಸಂಗೀತ ಕೇಳಿಬರುವುದು ಆಗಲೇ. ಬಹುಪಾಲು ಸಭಾಗಳಲ್ಲಿ ಮಧ್ಯಾಹ್ನದ ಕಚೇರಿ ಉಚಿತ, ಸೀಟಿನ ನಂಬರೂ ಇರುವುದಿಲ್ಲ. ಹಾಡುವವರು ಸಾಮಾನ್ಯವಾಗಿ ಇಪ್ಪತ್ತರ ಹರೆಯದವರು. ಸಭಾಗಳ ಲೆಕ್ಕಾಚಾರವೇ ಹಾಗೆ: ಮಧ್ಯಾಹ್ನ ಹಾಡಿ ಗೆದ್ದವರು ಕೆಲವು ವರ್ಷದಲ್ಲಿ ನಾಲ್ಕು ಗಂಟೆಗೆ ಏರುತ್ತಾರೆ, ಅಲ್ಲಿಂದ ಮುಖ್ಯ ಸಂಜೆಗೆ. ಆದ್ದರಿಂದ ಅವರು ಅವತ್ತು ಇಡೀ ವರ್ಷದ ತಯಾರಿಯನ್ನು ಮುಂದಿಡುತ್ತಾರೆ. ಹಾಲ್ ಅರ್ಧ ಖಾಲಿ, ಮೂರನೇ ಸಾಲಿನಲ್ಲೇ ಜಾಗ. ದಿನಕ್ಕೆ ಒಂದನ್ನಾದರೂ ಕೇಳಿ.

ಸಂಜೆ ಒಂದೇ ಕಚೇರಿ. ಎರಡನ್ನೂ ಕೇಳಲೇಬೇಕೆಂದಿದ್ದರೆ ಒಂದೇ ಸಭಾದಲ್ಲಿ ನಾಲ್ಕರದು, ಆಮೇಲಿನದು. ಅಕಾಡೆಮಿಯಿಂದ ನಾರದ ಗಾನ ಸಭಾಕ್ಕೆ ಅದೇ ಟಿಟಿಕೆ ರಸ್ತೆಯಲ್ಲಿ ನಡೆದುಕೊಂಡೇ ಹೋಗಬಹುದು, ಹೆಚ್ಚೆಂದರೆ 20 ನಿಮಿಷ. ಇನ್ನೊಂದು ದಿನವನ್ನು ಮೈಲಾಪುರಕ್ಕೇ ಇಡಿ: ಮೈಲಾಪುರ್ ಫೈನ್ ಆರ್ಟ್ಸ್ ಕ್ಲಬ್, ರಸಿಕ ರಂಜನಿ ಸಭಾ, ಭಾರತೀಯ ವಿದ್ಯಾಭವನ ಎಲ್ಲವೂ ಕಾಲ್ನಡಿಗೆಯ ದೂರ. ಮೂರನೆಯ ದಿನ ಟಿ. ನಗರ, ಅಥವಾ ತಿರುವಾನ್ಮಿಯೂರಿನ ಕಲಾಕ್ಷೇತ್ರ. ನೃತ್ಯಗಾತಿ ರುಕ್ಮಿಣೀದೇವಿ 1936ರಲ್ಲಿ ಕಟ್ಟಿದ ಆ ಸಂಸ್ಥೆಯಲ್ಲಿ ವಾಸುದೇವಾಚಾರ್ಯರು ಕೊನೆಗಾಲದಲ್ಲಿ ಪಾಠ ಹೇಳಿದ್ದರು.

ಸೀಟು

ಹೆಸರಾಂತರ ಸಂಜೆ ಕಚೇರಿಗೆ ಮುಂದಿನ ಸಾಲುಗಳು ಸೀಜನ್ ಟಿಕೆಟಿನವರಿಗೇ ಹೋಗಿರುತ್ತವೆ. ಉಳಿದದ್ದು ಆನ್‌ಲೈನಿನಲ್ಲಿ, ಕೆಲವೆಡೆ ಅವತ್ತೇ ಕೌಂಟರಿನಲ್ಲಿ. ಕೌಂಟರ್ ತೆರೆಯುವ ಸಮಯವನ್ನು ಹಿಂದಿನ ದಿನವೇ ಸಭಾದವರನ್ನು ಕೇಳಿಟ್ಟುಕೊಂಡು ಅರ್ಧ ಗಂಟೆ ಮೊದಲು ನಿಲ್ಲಿ. ಬಾಲ್ಕನಿ ಸಿಕ್ಕರೆ ಬೇಡ ಅನ್ನಬೇಡಿ. ಬಾಲ್ಕನಿಯ ಅಡಿಯ ಹಿಂದಿನ ಸಾಲುಗಳಿಗಿಂತ ಮೇಲೆ ಕೂತರೆ ದನಿ ತೆರೆದುಕೊಂಡು ಕೇಳುತ್ತದೆ.

ಎಡವೋ ಬಲವೋ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಮೃದಂಗದವರು ಹಾಡುವವರ ಕಡೆ ಮುಖ ಮಾಡಿ ಕೂರುತ್ತಾರೆ, ಕರಣೆ (ಕಪ್ಪು ಲೇಪ) ಇರುವ ಬಲಮುಖ ಸಭೆಗೆ ಎದುರಾಗಿರಬೇಕು. ಹಾಗಾಗಿ ಬಲಗೈ ವಾದಕರು ನಮ್ಮ ಎಡಕ್ಕೆ, ಪಿಟೀಲು ನಮ್ಮ ಬಲಕ್ಕೆ. ಎಡಗೈ ವಾದಕರು ಬಂದರೆ ಇಬ್ಬರ ಜಾಗವೂ ಅದಲುಬದಲು. ಮೃದಂಗದವರ ಬೆರಳು ನೋಡುವ ಆಸೆಯಿದ್ದರೆ ಎಡಭಾಗ ಹಿಡಿಯಿರಿ, ಪಿಟೀಲಿನ ಕಮಾನು ನೋಡಬೇಕಿದ್ದರೆ ಬಲಭಾಗ.

ತನಿ ಬಂದಾಗ ಏಳಬೇಡಿ

ಎರಡೂವರೆ ಗಂಟೆಯ ಕಚೇರಿಯಲ್ಲಿ ಮೊದಲ ಮುಕ್ಕಾಲು ಗಂಟೆ ವರ್ಣ, ಮೂರ್ನಾಲ್ಕು ಕೃತಿ. ಒಂದು ಗಂಟೆಯ ಆಸುಪಾಸಿನಲ್ಲಿ ಯಾವ ರಾಗದ ಆಲಾಪನೆ ಹತ್ತು ನಿಮಿಷ ದಾಟಿತೋ ಅದೇ ಅವತ್ತಿನ ಮುಖ್ಯ ಅಂತ ತಿಳಿಯಿರಿ. ಕೃತಿ, ಅದರ ಒಂದು ಸಾಲನ್ನೇ ಬಗೆಬಗೆಯಾಗಿ ಹಾಡುವ ನೆರವಲ್, ಸ್ವರ ಆದಮೇಲೆ ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ. ಆ ಕ್ಷಣಕ್ಕೆ ಸಭಿಕರಲ್ಲಿ ಕಾಲು ಭಾಗ ಎದ್ದು ಕ್ಯಾಂಟೀನಿಗೆ ನಡೆಯುತ್ತದೆ. ಇದು ಸೀಜನ್ನಿನ ಹಳೆಯ ದುರಭ್ಯಾಸ. ಎದ್ದು ಹೋದವರು ಟೋಕನ್ ಸಾಲಿನಲ್ಲಿ ಸಿಕ್ಕಿಕೊಂಡು, ಮರಳುವ ಹೊತ್ತಿಗೆ ಮುಂದಿನ ದೊಡ್ಡ ಭಾಗವಾದ ರಾಗಂ ತಾನಂ ಪಲ್ಲವಿಯ ರಾಗ ಅರ್ಧ ಮುಗಿದಿರುತ್ತದೆ.

ಕೂತು ಕೇಳುವುದು ಕಷ್ಟವಲ್ಲ. ಆದಿತಾಳವಾದರೆ ಹಾಡುವವರ ಕೈ ನೋಡಿ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು-ವೀಸು (ಅಂಗೈ ಮೇಲೆ ಮಾಡುವುದು), ಪೆಟ್ಟು-ವೀಸು. ಎಂಟು ಎಣಿಕೆ. ಆ ಕೈಯನ್ನೇ ಹಿಡಿದು ನೀವೂ ತೊಡೆಯ ಮೇಲೆ ಸದ್ದಿಲ್ಲದೆ ಹಾಕುತ್ತಿರಿ. ಮೃದಂಗದ ಜೊತೆ ಘಟವೋ ಖಂಜಿರವೋ ಇದ್ದರೆ ಇಬ್ಬರೂ ಸರದಿಯ ಮೇಲೆ ನುಡಿಸುತ್ತಾ ತುಂಡುಗಳನ್ನು ಚಿಕ್ಕದು ಮಾಡುತ್ತಾ ಬರುತ್ತಾರೆ. ಕಡೆಗೆ ಇಬ್ಬರೂ ಸೇರಿ ಮುಕ್ತಾಯಕ್ಕೆ ಒಯ್ಯುವ ಮೋಹರಾ, ಅದರ ಮೇಲೆ ಲೆಕ್ಕ ಹಾಕಿ ಕಟ್ಟಿದ ಮುಕ್ತಾಯವಾದ ಕೋರ್ವೆ. ಕೋರ್ವೆ ಮೂರು ಸಲ ಬರುತ್ತದೆ. ಮೊದಲ ಸಲ ಲೆಕ್ಕ ತಪ್ಪಿದರೂ ಮೂರನೆಯದರಲ್ಲಿ ಹಿಡಿಯಬಹುದು: ಅದು ಮುಗಿಯುವ ಜಾಗಕ್ಕೆ ಸರಿಯಾಗಿ ಗಾಯಕರು ಕೃತಿಯ ಸಾಲನ್ನು ಎತ್ತಿಕೊಳ್ಳುತ್ತಾರೆ.

ಹೊಟ್ಟೆಯ ವಿಚಾರ: ಕ್ಯಾಂಟೀನಿಗೆ ಹೋಗಬೇಕಾದದ್ದು ಮಧ್ಯಾಹ್ನದ ಊಟಕ್ಕೆ, ಇಲ್ಲವೇ ಸಂಜೆ ಎರಡು ಕಚೇರಿಗಳ ನಡುವೆ. ಸೀಜನ್ನಿಗೆಂದೇ ಹೆಸರಾಂತ ಅಡುಗೆಯವರು ಸಭಾ ಆವರಣದಲ್ಲಿ ಪಂಕ್ತಿ ಊಟ ಹಾಕುತ್ತಾರೆ. ಅಡೈ-ಅವಿಯಲ್, ಕೀರೈ ವಡೈ ಅಂದರೆ ಸೊಪ್ಪಿನ ವಡೆ, ಶಾವಿಗೆಯಂಥ ಸೇವೈ ಕೇಳಿ ತಿನ್ನಿ. ಊರಿನ ಸಾರು ನೆನಪಾದರೆ ರಾಧಾಕೃಷ್ಣನ್ ಸಾಲೈನಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಇದೆ. ಉಡುಪಿ ಕಡೆಯ ಕೆ. ಕೃಷ್ಣರಾಯರು ಬೆಳೆಸಿದ ಹೆಸರು ಅದು.

ಚೀಲದಲ್ಲಿ ಒಂದು ಶಾಲು ಇರಲಿ. ಹೊರಗೆ ಸೆಕೆ, ಹಾಲಿನೊಳಗೆ ಎಸಿ ಚಳಿ ಹಿಡಿಸುತ್ತದೆ. ಹಿಂಗಾರು ಡಿಸೆಂಬರಿನಲ್ಲೂ ಕಾಡುವುದರಿಂದ ಕೊಡೆಯೂ ಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಲು ಬಿಡುವುದಿಲ್ಲ. ಬದಲಿಗೆ ಪುಟ್ಟ ಪುಸ್ತಕದಲ್ಲಿ ರಾಗ, ತಾಳ, ರಚನೆ ಬರೆದುಕೊಳ್ಳಿ, ಗೊತ್ತಾಗದ ರಾಗವನ್ನು ಪಕ್ಕದ ಸೀಟಿನ ಮಾಮಿಯನ್ನು ಕೇಳಿ. ಸ್ವರಪ್ರಸ್ತಾರದ ಪುಸ್ತಕ ಬೇಕಾದವರು ಕಪಾಲೀಶ್ವರ ಗುಡಿಯ ಬಳಿಯ ಗಿರಿ ಟ್ರೇಡಿಂಗ್‌ಗೆ, ವಾದ್ಯ ನೋಡುವವರು ಅಣ್ಣಾ ಸಾಲೈನಲ್ಲಿ 1842ರಿಂದ ಇರುವ ಮ್ಯೂಸೀ ಮ್ಯೂಸಿಕಲ್‌ಗೆ ಹೋಗಬಹುದು.

ವಾಪಸಿಗೆ ರಾತ್ರಿ ಹನ್ನೊಂದರ ಹತ್ತಿರ ಹೊರಡುವ ಬೆಂಗಳೂರು ಮೇಲ್ ಅನುಕೂಲ. ಲಗೇಜನ್ನು ಹೋಟೆಲಿನಲ್ಲೇ ಬಿಟ್ಟು ಬನ್ನಿ, ಆದರೆ ಆ ಹೋಟೆಲು ಸಭಾದಿಂದ ಸೆಂಟ್ರಲ್‌ಗೆ ಹೋಗುವ ದಾರಿಯಲ್ಲಿರಬೇಕು. ಒಂಬತ್ತೂಕಾಲಿಗೆ ಹೆದರಿ ಏಳುವ ಅಗತ್ಯವಿಲ್ಲ. ದಾಸರ ಪದಗಳು ಬರುವುದೇ ಕೊನೆಯ ಕಾಲು ಗಂಟೆಯಲ್ಲಿ. ಮಂಗಳ ಮುಗಿಸಿ ಒಂಬತ್ತೂವರೆಗೆ ಹೊರಬಿದ್ದರೂ, ರಾತ್ರಿ ರಸ್ತೆ ಖಾಲಿಯಾಗುವುದರಿಂದ, ಹತ್ತೂಕಾಲಿಗೆ ಪ್ಲಾಟ್‌ಫಾರಂನಲ್ಲಿರುತ್ತೀರಿ.