ಅರ್ಧಕ್ಕೆ ನಿಲ್ಲಿಸಬಹುದಾದ ಆಟ: ಮಕ್ಕಳ ವಾರ್ಡಿನಲ್ಲಿ ಗಣಿತ

ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಗಣಿತದ ಆಟ ಆರಿಸುವಾಗ ನನ್ನ ಮೊದಲ ಪ್ರಶ್ನೆ ಇದು: ಹತ್ತನೇ ನಿಮಿಷಕ್ಕೆ ಆಟ ನಿಂತರೆ ಮಗುವಿಗೆ ಏನು ಉಳಿಯುತ್ತದೆ? ಸಿಸ್ಟರ್ ರಕ್ತ ತೆಗೆಯಲು ಬರುತ್ತಾರೆ, ಔಷಧಿ ಹರಿಸುವ ಪಂಪ್ ಕೂಗುತ್ತದೆ, ಡಾಕ್ಟರ ರೌಂಡ್ಸ್ ಶುರುವಾಗುತ್ತದೆ, ಇಲ್ಲವೇ ವಾಂತಿ. ಇಪ್ಪತ್ತು ನಿಮಿಷ ಒಟ್ಟಿಗೆ ಸಿಕ್ಕರೆ ಅದೇ ದೊಡ್ಡ ಪೀರಿಯಡ್. ಗೆಲ್ಲುವವರೆಗೂ ಆಡಲೇಬೇಕಾದ ಆಟ ಇಲ್ಲಿ ನಡೆಯುವುದಿಲ್ಲ.

ಎರಡನೆಯದು ಒರೆಸುವ ಮಾತು. ಕೀಮೋ ನಡೆಯುವಾಗ ಬಿಳಿ ರಕ್ತಕಣ ಇಳಿದಿರುತ್ತದೆ, ಸೋಂಕು ಬೇಗ ತಗಲುತ್ತದೆ. ಹಾಗಾಗಿ ಮರದ ಮಣೆ, ಬಟ್ಟೆಯ ಪಟ, ರಟ್ಟು, ಕವಡೆ ಎಲ್ಲವನ್ನೂ ಬಿಟ್ಟೆ. ಕವಡೆಯ ಬಾಯಿಯೊಳಗೆ ಕೂತ ಕೊಳೆ ಯಾವ ಒರೆಸುವಿಕೆಗೂ ಬರುವುದಿಲ್ಲ. ಲ್ಯಾಮಿನೇಟ್ ಮಾಡಿದ ಹಾಳೆ, ಪ್ಲಾಸ್ಟಿಕ್ ಮಣಿ, ಅಕ್ರಿಲಿಕ್ ತುಂಡು ಸಾಕು. ಲ್ಯಾಮಿನೇಷನ್ನಿನ ಅಂಚನ್ನು ಹಾಳೆಯ ಸಮಕ್ಕೆ ಕತ್ತರಿಸಬಾರದು, ಸುತ್ತ 5 ಮಿ.ಮೀ. ಬಿಡಬೇಕು. ಇಲ್ಲದಿದ್ದರೆ ದ್ರವ ಒಳಗಿಳಿದು ಹಾಳೆ ಉಬ್ಬುತ್ತದೆ. ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ವಾರ್ಡಿನವರು ಹೇಳಿದ ದ್ರವದಿಂದಲೇ ಒರೆಸಿ, ತಾನಾಗಿ ಒಣಗಲು ಬಿಡುತ್ತೇನೆ. ನೆಲಕ್ಕೆ ಬಿದ್ದ ಕಾಯಿ ಅವತ್ತಿಗೆ ಆಟದಿಂದ ಹೊರಗೆ. ಆಯಸ್ಕಾಂತದ ಕಾಯಿಗಳನ್ನಂತೂ ತರಲೇಬಾರದು, ನುಂಗಿದರೆ ಕರುಳಿಗೆ ಅಪಾಯ.

ಇಷ್ಟು ಕಳೆದ ಮೇಲೆ ಉಳಿದವುಗಳಲ್ಲಿ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಅಳಗುಳಿಮಣೆ. ಒಂದು ಗುಳಿಯ ಮಣಿಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವ ಆಟ. ಏಳರ ಎರಡು ಸಾಲು, ಅಂದರೆ 14 ಗುಳಿಯ ಪ್ಲಾಸ್ಟಿಕ್ ಐಸ್ ಟ್ರೇ ಇದ್ದರೆ ಮಣೆ ಸಿದ್ಧ. ಗುಳಿಗೆ 5ರಂತೆ 70 ಮಣಿ. ಹಳ್ಳಿಯ ಅಭ್ಯಾಸಕ್ಕೆ ಯಾರಾದರೂ ಗುಲಗಂಜಿ ತಂದುಕೊಟ್ಟರೆ ಖಂಡಿತ ಬೇಡ. ಅದರ ಬೀಜ ವಿಷ, ಅಗಿದರೆ ಜೀವಕ್ಕೇ ಅಪಾಯ. ವಿಂಕ್ರಿಸ್ಟಿನ್ ಔಷಧಿ ಪಡೆಯುವ ಕೆಲವು ಮಕ್ಕಳಿಗೆ ಬೆರಳ ತುದಿ ಜೋಮು ಹಿಡಿದಂತಿರುತ್ತದೆ, ಸಣ್ಣ ಮಣಿ ಹಿಡಿತಕ್ಕೆ ಸಿಗುವುದಿಲ್ಲ. ಅವರಿಗೆ ದಪ್ಪ ಮಣಿ, ಗುಳಿಗೆ 3, ಒಟ್ಟು 42. ಒಂದು ಕೈಯಲ್ಲಿ ಕ್ಯಾನುಲಾ (ಔಷಧಿ ಹೋಗಲು ರಕ್ತನಾಳಕ್ಕೆ ಚುಚ್ಚಿದ ಸಣ್ಣ ಕೊಳವೆ) ಇರುವುದರಿಂದ ಟ್ರೇಯನ್ನು ಹಿಡಿದುಕೊಳ್ಳುವವರಿಲ್ಲ, ಜಾರುತ್ತದೆ. ಅಂಚಿರುವ ಸ್ಟೀಲ್ ತಟ್ಟೆಯೊಳಗೆ ಸಿಲಿಕಾನ್ ಹಾಳೆ ಹಾಸಿ ಅದರ ಮೇಲೆ ಟ್ರೇ ಇಟ್ಟರೆ ಜಾರುವುದೂ ನಿಲ್ಲುತ್ತದೆ, ಚೆಲ್ಲಿದ ಮಣಿ ತಟ್ಟೆಯಲ್ಲೇ ಉಳಿಯುತ್ತದೆ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಹಾಸಿಗೆ ಪಕ್ಕ ಇದ್ದರೆ ಮಣಿಯ ಡಬ್ಬಿ ತೆರೆಯುವುದೇ ಇಲ್ಲ.

ನಿಯಮ ಮನೆಮನೆಗೂ ಬೇರೆ. ಮಗು ಊರಲ್ಲಿ ಆಡಿದ ನಿಯಮವೇ ಇಲ್ಲೂ. ನಾನು ಸೇರಿಸುವುದು ಒಂದೇ ಷರತ್ತು: ‘ಎತ್ತೋ ಮುಂಚೆ ಹೇಳು, ಕೊನೇ ಮಣಿ ಎಲ್ಲಿ ಬೀಳತ್ತೆ?’ ಮೊದಲಿಗೆ ಬೆರಳಿಟ್ಟು ಗುಳಿ ಗುಳಿ ಎಣಿಸುತ್ತಾರೆ. ತನ್ನ ಸಾಲಿನ ಮೂರನೇ ಗುಳಿಯಲ್ಲಿ 9 ಮಣಿ ಇದ್ದರೆ, ಈ ಸಾಲಲ್ಲಿ ಇನ್ನು ನಾಲ್ಕು ಗುಳಿ, ಒಂಬತ್ತರಲ್ಲಿ ನಾಲ್ಕು ಹೋದರೆ ಐದು, ಅಂದರೆ ಎದುರು ಸಾಲಿನ ಐದನೆಯದು. ಬೆರಳು ಇಡುವುದನ್ನು ಬಿಟ್ಟು ಹೀಗೆ ಕಳೆಯಲು ಶುರುಮಾಡಿದ ಕ್ಷಣವೇ ಪಾಠ ಆಯಿತು, ಆಟ ಮುಗಿಯಬೇಕಿಲ್ಲ. ನಿಲ್ಲಿಸುವಾಗ ಮಣಿಗಳನ್ನು ಹತ್ತರ ಗುಂಪು ಮಾಡಿಸುತ್ತೇನೆ. ಏಳು ಗುಂಪು ಬರದಿದ್ದರೆ ಹಾಸಿಗೆ ಹುಡುಕಬೇಕು. ಯಾರ ಬಾಯಿಗೂ ಹೋಗಿಲ್ಲ ಎಂಬುದು ಈ ಎಣಿಕೆಯಲ್ಲೇ ಗೊತ್ತಾಗುತ್ತದೆ.

ಚೌಕಾಬಾರಕ್ಕೆ ಕವಡೆಯ ಬದಲು ಒಂದು ಬದಿ ಕೆಂಪು, ಇನ್ನೊಂದು ಬದಿ ಬಿಳಿ ಇರುವ ನಾಲ್ಕು ಬಿಲ್ಲೆಗಳನ್ನು ಪಾರದರ್ಶಕ ಡಬ್ಬಿಯಲ್ಲಿ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿಬಿಟ್ಟಿದ್ದೇನೆ. ಅಲುಗಿಸಿದರೆ ಗರ. ಒಂದೇ ಕೈ ಸಾಕು, ಏನೂ ಉರುಳಿಹೋಗದು, ಒರೆಸುವುದು ಡಬ್ಬಿಯ ಹೊರಮೈ ಮಾತ್ರ. ಎಲ್ಲ ಕೆಂಪಾದರೆ ಚೌಕ 4, ಎಲ್ಲ ಬಿಳಿಯಾದರೆ ಬಾರ, 8. ಮಂಪರಿನಲ್ಲಿ ಕಾಯಿ ನಡೆಸಲಾಗದ ದಿನ ಬರೀ ಗರ ಹಾಕಿಸಿ ಗೀಟು ಎಳೆಸುತ್ತೇನೆ. ಎರಡೇ ಯಾಕೆ ಜಾಸ್ತಿ ಬೀಳುತ್ತದೆ ಎಂಬ ಪ್ರಶ್ನೆ ಮಗುವಿನಿಂದಲೇ ಬರಬೇಕು, ಬರುತ್ತದೆ ಕೂಡ. ಆಗ ನಾಲ್ಕು ಬಿಲ್ಲೆಗಳ 16 ಜೋಡಣೆ ಬರೆಸಿದರೆ ಎರಡು ಕೆಂಪು ಬರುವುದು 6 ಬಗೆ, ಚೌಕ ಒಂದೇ ಬಗೆ, ಬಾರವೂ ಒಂದೇ. 32 ಸಲ ಹಾಕಿದರೆ ಎರಡು ಸರಿಯಾಗಿ 12 ಸಲವೇ ಬೀಳಬೇಕು ಎಂದು ಮಕ್ಕಳು ಹಟ ಹಿಡಿಯುತ್ತಾರೆ. 9 ಬಿದ್ದರೂ 15 ಬಿದ್ದರೂ ಲೆಕ್ಕ ತಪ್ಪಿಲ್ಲ ಎಂದು ಒಪ್ಪಿಸಲು ಒಂದು ವಾರವೇ ಬೇಕಾಗಬಹುದು.

ಐದನೇ ತರಗತಿ ದಾಟಿದವರಿಗೆ 6174. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲೆಯ ಮೇಷ್ಟ್ರಾಗಿದ್ದ ಕಾಪ್ರೇಕರ್ 1949ರಲ್ಲಿ ಕಂಡುಕೊಂಡದ್ದು. ನಾಲ್ಕೂ ಅಂಕಿ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿ ಸಂಖ್ಯೆ ತೆಗೆದುಕೊಂಡು, ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದದ್ದರಿಂದ ಏರಿಕೆ ಕ್ರಮದಲ್ಲಿ ಬರೆದದ್ದನ್ನು ಕಳೆಯುತ್ತಾ ಹೋದರೆ ಏಳು ಹೆಜ್ಜೆಯೊಳಗೆ 6174. ಉದಾಹರಣೆಗೆ 3524: 5432 − 2345 = 3087, 8730 − 0378 = 8352, 8532 − 2358 = 6174. ಇಲ್ಲೊಂದು ತೊಡಕಿದೆ. ಮಗು ನಡುವೆ ಕಳೆಯುವುದನ್ನು ತಪ್ಪಿದರೂ, ಆ ತಪ್ಪು ಸಂಖ್ಯೆ ಕೂಡ ಸಾಮಾನ್ಯವಾಗಿ 6174ಕ್ಕೇ ಹೋಗಿ ಸೇರುತ್ತದೆ! ಉತ್ತರ ಬಂತೆಂದು ಲೆಕ್ಕ ಸರಿ ಎನ್ನುವ ಹಾಗಿಲ್ಲ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಅಂಕಿಗಳನ್ನು ಕೂಡಿಸಿ ನೋಡಿಸುತ್ತೇನೆ: 3+0+8+7 ಹದಿನೆಂಟು, 8+3+5+2 ಹದಿನೆಂಟು. ಮೊತ್ತ 9ರಿಂದ ಭಾಗವಾಗದಿದ್ದರೆ ಆ ಸಾಲಿನಲ್ಲೇ ತಪ್ಪಿದೆ. ಇನ್ನೊಂದು ಗುಂಡಿ 2111. ವ್ಯತ್ಯಾಸ 999 ಬಂದು, ಮುಂದಿನ ಸಾಲಿಗೆ ಸೊನ್ನೆ ಆಗಿಹೋಗುತ್ತದೆ. ಮೊದಲೇ ನಾಲ್ಕು ಚೌಕದ ಸಾಲು ಗೀಚಿಕೊಟ್ಟು 0999 ಎಂದು ತುಂಬಿಸಿದರೆ ಮುಂದಿನದು 9990 − 0999, ಅಂದರೆ 8991, ದಾರಿಗೆ ಬರುತ್ತದೆ.

ಡ್ರಿಪ್ಪಿನ ಲೆಕ್ಕ ಎಲ್ಲ ಮಕ್ಕಳಿಗೂ ಬೇಡ. ಕೆಲವರಿಗೆ ಆ ಬಾಟಲಿಯ ಕಡೆ ನೋಡುವುದೂ ಸಾಕಾಗಿರುತ್ತದೆ, ಕೇಳಿಯೇ ಶುರು. ಮೈಕ್ರೋ ಡ್ರಿಪ್ ಸೆಟ್ಟಿನಲ್ಲಿ 60 ಹನಿಗೆ 1 ಮಿ.ಲೀ., ಗಂಟೆಗೆ 60 ನಿಮಿಷ. ಹಾಗಾಗಿ ನಿಮಿಷಕ್ಕೆ 40 ಹನಿ ಎಂದರೆ ಗಂಟೆಗೆ 40 ಮಿ.ಲೀ., ಉಳಿದ 200 ಮಿ.ಲೀ.ಗೆ 5 ಗಂಟೆ. ದೊಡ್ಡ ಹನಿಯ ಸೆಟ್ಟಿನಲ್ಲಿ 1 ಮಿ.ಲೀ.ಗೆ ಸಾಮಾನ್ಯವಾಗಿ 20 ಹನಿ, ಪೊಟ್ಟಣದ ಮೇಲೆ ಬರೆದಿರುತ್ತದೆ. ಅಲ್ಲಿ ಗುಣಾಕಾರ ಬೇಕು. ಹನಿಯ ವೇಗ ಬದಲಿಸುವ ಚಕ್ರ ಮುಟ್ಟುವುದು ಸಿಸ್ಟರ್ ಮಾತ್ರ ಎಂದು ಮೊದಲೇ ಹೇಳಿರಬೇಕು. ಲೆಕ್ಕ ಕಲಿತ ಮಗುವಿಗೆ ‘ಸ್ವಲ್ಪ ಜೋರು ಮಾಡಿದರೆ ಬೇಗ ಮುಗಿಯುತ್ತಲ್ಲ’ ಎಂದು ಹೊಳೆಯದೇ ಇರುವುದಿಲ್ಲ.

ಸ್ಟೆರಾಯ್ಡ್ ನಡೆಯುವ ದಿನಗಳಲ್ಲಿ ಹಸಿವು, ಸಿಡುಕು ಎರಡೂ ಜಾಸ್ತಿ. ಆಗ ಎದುರಾಳಿ ಬೇಡ, ಇಬ್ಬರೂ ಸೇರಿ ಒಂದೇ ಒಗಟು ಬಿಡಿಸುವುದು. ಬೇಕೆಂದೇ ಸೋಲುವುದಂತೂ ಬೇಡ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಕ್ಯಾನುಲಾವನ್ನು ಸಾಧ್ಯವಿದ್ದರೆ ಬರೆಯದ ಕೈಗೆ ಹಾಕಿ ಎಂದು ಸಿಸ್ಟರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಅಂಕ ಬರೆಯುವುದಿಲ್ಲ. ಪ್ರತಿ ಮಗುವಿಗೂ ಒಂದು ಕಾರ್ಡು: ತಾರೀಕು, ಯಾವ ಆಟ, ಎಲ್ಲಿ ನಿಂತಿತು, ಮುಂದಿನ ಸರದಿ ಯಾರದು. ನಲಿ-ಕಲಿ ತರಗತಿಯಿಂದ ಬಂದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ, ಬಿಟ್ಟ ಮೆಟ್ಟಿಲಿನಿಂದ ಮುಂದುವರಿಯುವುದು ಅವರಿಗೆ ರೂಢಿ. ಟ್ರೇಯಲ್ಲಿದ್ದ ಮಣಿಗಳನ್ನು ಗುಳಿಯ ಕ್ರಮದಲ್ಲೇ ಬರೆದಿಟ್ಟುಕೊಳ್ಳುತ್ತೇನೆ: 0, 6, 1, 7… ಮುಂದಿನ ಕೀಮೋಗೆ ಮೂರು ವಾರ ಬಿಟ್ಟು ಬಂದಾಗಲೂ ಆಟ ಅಲ್ಲಿಂದಲೇ.