ಫ್ರೀಜ್ ಆದ ಖಾತೆಯಿಂದ ನಿರುದ್ಯೋಗ ಭತ್ಯೆ ಬಿಡಿಸಿಕೊಂಡದ್ದು (ಕ್ಯಾಲಿಫೋರ್ನಿಯಾ)

ಹಳೆಯ ಕ್ರೆಡಿಟ್ ಕಾರ್ಡ್ ಸಾಲಕ್ಕೆ ಕೋರ್ಟ್ ತೀರ್ಪು ಬಂದಿತ್ತು. ಒಂದು ಬೆಳಿಗ್ಗೆ ನೋಡಿದರೆ, ಕಾನೂನು ಬಿಡುವ ಕನಿಷ್ಠ ಮೊತ್ತ ಬಿಟ್ಟು ಖಾತೆಯ ಉಳಿದ ಹಣವೆಲ್ಲ ಫ್ರೀಜ್. ಅದರಲ್ಲಿ ಇದ್ದದ್ದು ಹೆಚ್ಚಾಗಿ ನಿರುದ್ಯೋಗ ಭತ್ಯೆಯೇ.

ಬ್ಯಾಂಕಿಗೆ ಫೋನ್ ಮಾಡಿದೆ, ಪ್ರಯೋಜನವಾಗಲಿಲ್ಲ. ಸಾಲ ವಸೂಲಿ ವಕೀಲರಿಗೆ ಪತ್ರ ಬರೆದೆ, ಉತ್ತರವೇ ಇಲ್ಲ. ಸೋಷಿಯಲ್ ಸೆಕ್ಯುರಿಟಿ (ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಪಿಂಚಣಿ) ಹಣವಾದರೆ ಎರಡು ತಿಂಗಳ ಮೊತ್ತವನ್ನು ಬ್ಯಾಂಕೇ ಕಾಯಬೇಕು. ಆ ಫೆಡರಲ್ (ಕೇಂದ್ರದ) ನಿಯಮ ರಾಜ್ಯ ಕೊಡುವ ಭತ್ಯೆಗೆ ಅನ್ವಯಿಸುವುದಿಲ್ಲ. ನಾನು ಸುಮ್ನೆ ಅದು ನನಗೂ ಅನ್ವಯಿಸುತ್ತದೆ ಎಂದು ವಾದಿಸುತ್ತಾ ದಿನ ಕಳೆದೆ.

ಕೆಲಸ ಮಾಡಿದ್ದು ಇಜೆ-160 ಫಾರ್ಮ್, ಅಂದರೆ ಕ್ಲೇಮ್ ಆಫ್ ಎಕ್ಸೆಂಪ್ಷನ್ (ಈ ಹಣ ಜಪ್ತಿಯಿಂದ ಬಿಡಿ ಎಂಬ ವಿನಾಯಿತಿ ಕೋರಿಕೆ). ವಿನಾಯಿತಿಯ ಕಾನೂನು ಕೇಳುವ ಜಾಗದಲ್ಲಿ 'ಸಿಸಿಪಿ 704.120' ಎಂದು ಬರೆದೆ; ಇದು ಕ್ಯಾಲಿಫೋರ್ನಿಯಾದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ನಿರುದ್ಯೋಗ ಭತ್ಯೆಯನ್ನು ಕಾಯುವ ಕಲಂ. ಫಾರ್ಮ್ ಕೊಡಬೇಕಾದ್ದು ಕೋರ್ಟಿಗಲ್ಲ, ಖಾತೆ ಜಪ್ತಿ ಮಾಡಿದ ಶೆರಿಫ್ (ಕೌಂಟಿಯ ಪೊಲೀಸ್ ಅಧಿಕಾರಿ) ಕಚೇರಿಗೆ. ಮೂಲ ಪ್ರತಿ, ಜೊತೆಗೊಂದು ನಕಲು. ಜಪ್ತಿ ನೋಟಿಸ್ ಕೈಗೆ ಕೊಟ್ಟಿದ್ದರೆ 15 ದಿನ, ಅಂಚೆಯಲ್ಲಿ ಕಳಿಸಿದ್ದರೆ 20 ದಿನ ಗಡುವು.

ಹಣದ ಮೂಲ ತೋರಿಸುವ ಹೊರೆ ನಮ್ಮದೇ. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು, ಭತ್ಯೆ ಜಮಾ ಆದ ಪ್ರತಿ ಸಾಲಿಗೂ ಹಳದಿ ಗೆರೆ ಎಳೆದೆ. ಪಕ್ಕದಲ್ಲೇ ಪಾವತಿ ವಿವರದ ಅದೇ ದಿನಾಂಕ, ಅದೇ ಮೊತ್ತ. ಸ್ನೇಹಿತರು ಹಾಕಿದ್ದ ಹಣ ಬೆರೆತದ್ದರಿಂದ ಈ ಲೆಕ್ಕಕ್ಕೇ ಜಾಸ್ತಿ ಸಮಯ ಹಿಡಿಯಿತು. ಎದುರಿನವರು ಆಕ್ಷೇಪ ಸಲ್ಲಿಸಲಿಲ್ಲ, ಭತ್ಯೆ ಹಣ ವಾಪಸ್ ಬಂತು.

ಮಕ್ಕಳ ಜೀವನಾಂಶದ ಬಾಕಿಗೆ ಮಾತ್ರ ಈ ರಕ್ಷಣೆ ಪೂರ್ತಿ ಸಿಗುವುದಿಲ್ಲ.